ಚಿಕ್ಕಮಾದಮ್ಮನಿಗೆ ಕಾಣದ ಚುಕ್ಕಿ

ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರನ್ನು ಕೇಳಿ ನೋಡಿ, ಚಿಕ್ಕಮಾದಮ್ಮ ಯಾರೆಂದು ಒಬ್ಬರೂ ತಲೆ ಕೆರೆದುಕೊಳ್ಳುವುದಿಲ್ಲ. ಸೊಪ್ಪು ಬೇಯಿಸುವ ಮನೆ ಬ್ಯಾರನ್ನಿನಲ್ಲಿ ಬೆಂದು ಒಣಗಿದ ಎಲೆಯನ್ನು ಬಣ್ಣ ನೋಡಿ, ಚುಕ್ಕಿ ನೋಡಿ ಬೇರೆ ಬೇರೆ ಗುಡ್ಡೆಗೆ ಹಾಕುವ ಕೆಲಸದಲ್ಲಿ ಅವಳದು ಇಪ್ಪತ್ತೆರಡು ವರ್ಷ ಪಳಗಿದ ಕೈ. ಬೆಳೆಗಾರ ಪುಟ್ಟಮಲ್ಲಪ್ಪನವರ ಶೆಡ್ಡಿನಲ್ಲಿ ಉಳಿದ ಹೆಂಗಸರು ಆರಿಸಿದ್ದನ್ನೂ ಕೊನೆಗೆ ಅವಳೇ ನೋಡಿ ಹೂಂ ಅನ್ನಬೇಕು. ಹರಾಜಿನ ಮೂಟೆ, ಅಂದರೆ ಬೇಲು, ಕಟ್ಟುವುದು ಆಮೇಲೆ.

ಅಂಥವಳಿಗೆ ಈ ವರ್ಷ ಕಣ್ಣು ಕೈಕೊಟ್ಟಿತು. ದೂರದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಬೆಟ್ಟದ ಮೆಟ್ಟಿಲು ಹತ್ತುವವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಕೆಳಗೆ ನಿಂತೇ ಹೇಳುತ್ತಿದ್ದಳು. ಕೈಯಲ್ಲಿ ಹಿಡಿದ ಎಲೆ ಮಾತ್ರ ಮಸುಕು ಮಸುಕು. ಕನ್ನಡಕ ಕೊಳ್ಳೋಣವೆಂದರೆ, ಕನ್ನಡಕ ಹಾಕಿದವಳನ್ನು ಸೊಪ್ಪು ಆರಿಸಲು ಯಾರು ಕರೆದಾರು? ಯಾರಿಗೂ ಹೇಳದೆ, ಎಲೆಯನ್ನು ಕೈ ಚಾಚಿ ದೂರ ಹಿಡಿದು, ಬೆರಳಲ್ಲಿ ಸವರಿ, ಅಂದಾಜಿನ ಮೇಲೆ ದಿನ ದೂಡುತ್ತಿದ್ದಳು.

ಅವಳ ಪ್ರಾಣ ತಿನ್ನುತ್ತಿದ್ದವಳು ಪುಟ್ಟಮಲ್ಲಪ್ಪನವರ ಮನೆಯ ಹೊಸ ಸೊಸೆ ರಮ್ಯ. ಭೇರ್ಯದ ಕಡೆಯ ಹುಡುಗಿ. ದಿನವೂ ಜಗಲಿಯ ಕಂಬಕ್ಕೆ ಒರಗಿ, ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ ಶೆಡ್ಡಿನತ್ತಲೇ ನೋಡುತ್ತಿದ್ದಳು. ನಗುವಿಲ್ಲ, ಮಾತಿಲ್ಲ. ಓದಿದ ಹುಡುಗಿ, ನನ್ನ ಗುಟ್ಟು ಹಿಡಿದೇಬಿಟ್ಟಿದ್ದಾಳೆ, ಇವತ್ತೋ ನಾಳೆಯೋ ಮಾವನ ಕಿವಿಗೆ ಹಾಕುತ್ತಾಳೆ ಎಂದು ಚಿಕ್ಕಮಾದಮ್ಮ ಜಗಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಹರಾಜಿಗೆ ಹೋದ ಒಂದು ಬೇಲು ವಾಪಸು ಬಂತು. ಮೇಲ್ದರ್ಜೆಯದೆಂದು ಕಟ್ಟಿದ್ದ ಹಳದಿ ಎಲೆಯ ನಡುವೆ ಚುಕ್ಕಿ ಬಿದ್ದ ಎಲೆ ಬೆರೆತಿತ್ತಂತೆ; ಕೊಳ್ಳುವವರು ಯಾರೂ ಮುಟ್ಟಲಿಲ್ಲವಂತೆ. ಪುಟ್ಟಮಲ್ಲಪ್ಪನವರು ಹೆಂಗಸರ ಮುಂದೆಯೇ ಬೇಲು ಬಿಚ್ಚಿ ಕೆಂಡವಾದರು. ಇಪ್ಪತ್ತೆರಡು ವರ್ಷದ ಕೈಯ ಮೇಲೆ ಅನುಮಾನ ಸುಳಿಯಲೇ ಇಲ್ಲ; ನೇರವಾಗಿ ಹೋದದ್ದು ಹೊಸಬಳು ಗೌತಮಿಯ ಮೇಲೆ. ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು, ಪಾಪ; ಗಂಡನನ್ನು ಕಳೆದುಕೊಂಡವಳು, ಎರಡು ವರ್ಷದ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ನಾಳೆಯಿಂದ ಬರಬೇಡ ಎಂದುಬಿಟ್ಟರು.

ಗೌತಮಿ ಒಂದು ಸಲ ಚಿಕ್ಕಮಾದಮ್ಮನ ಮುಖ ನೋಡಿದಳು, ಅಷ್ಟೆ. ಆ ಬೇಲಿನ ಸೊಪ್ಪು ಆರಿಸಿದ ದಿನ ಎಲೆಗಳನ್ನು ಹಿಡಿದು, ಇದರಲ್ಲಿ ಚುಕ್ಕಿ ಇದೆಯಲ್ಲ ದೊಡ್ಡವ್ವ ಎಂದು ಕೇಳಿದವಳೇ ಅವಳು. ನಿನ್ನೆ ಮೊನ್ನೆ ಬಂದವಳು ನನಗೇ ಕಲಿಸುತ್ತೀಯಾ ಎಂದು ಗದರಿ, ಮೇಲ್ದರ್ಜೆಯ ಗುಡ್ಡೆಗೇ ಹಾಕಿಸಿದವಳು ಚಿಕ್ಕಮಾದಮ್ಮ. ಈಗ ಬಾಯಿ ಬಿಡಬೇಕಾದವಳು ತುಟಿ ಹೊಲಿದುಕೊಂಡು ಕೂತಳು. ಥೂ, ನಾಚಿಕೆಗೇಡು! ಗೌತಮಿ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಚಿಕ್ಕಮಾದಮ್ಮ ಶೆಡ್ಡಿಗೆ ಹೋಗದೆ ಜಗಲಿಯತ್ತ ನಡೆದಳು. ಹೇಗೂ ಎಲ್ಲ ಕಂಡಿರುವವಳು ರಮ್ಯ. ಅವಳ ಮುಂದೆಯೇ ಒಪ್ಪಿಕೊಂಡು, ಮಾವನಿಗೆ ನೀನೇ ಹೇಳವ್ವ ಎಂದು ಕೈಮುಗಿಯುವುದೆಂದು ತೀರ್ಮಾನಿಸಿದ್ದಳು. ರಮ್ಯ ಎಂದಿನಂತೆ ದುರುಗುಟ್ಟಿ ನೋಡುತ್ತಿದ್ದಳು. ಇವಳು ಮೆಟ್ಟಿಲ ಬುಡಕ್ಕೆ ಬಂದರೂ ಆ ನೋಟ ಬದಲಾಗಲಿಲ್ಲ.

“ಯಾರದು?” ಎಂದಳು.

“ನಾನು ಕಣವ್ವ, ಚಿಕ್ಕಮಾದಮ್ಮ.”

ಹುಬ್ಬಿನ ಗಂಟು ಸಡಿಲವಾಯಿತು. ಮೆಟ್ಟಿಲ ಬುಡದಿಂದ ನೋಡಿದರೆ ಅದು ಹೆದರಿದ ಮುಖ, ಇನ್ನೂ ಮಗುವಿನದು. ಒಳಗೆ ಅತ್ತೆ ಇದ್ದಾರೋ ಎಂದು ತಿರುಗಿ ನೋಡಿ ಪಿಸುಗುಟ್ಟಿದಳು: “ದೂರದ್ದು ನಂಗೇನೂ ಕಾಣಲ್ಲ. ಎಣ್ಣು ನೋಡಾಕ್ ಬಂದಾಗ ನಮ್ಮವ್ವ ಕನ್ನಡಕ ತೆಗಿಸ್ಬುಟ್ಳು. ಇಲ್ಲಿ ಯಾರ್ಗೂ ಗೊತ್ತಿಲ್ಲ, ಏಳ್ಬ್ಯಾಡಿ.”

ಹೇಳುವುದಿಲ್ಲವೆಂದು ಚಿಕ್ಕಮಾದಮ್ಮ ಅವಳ ಕೈ ಅದುಮಿದಳು. ಹಾಗಾದರೆ ತನ್ನ ಗುಟ್ಟು ಯಾರೂ ಕಂಡಿಲ್ಲ! ನಿರಾಳವಾಗಬೇಕಿತ್ತು, ಆಗಲಿಲ್ಲ. ಗೌತಮಿಯ ತಪ್ಪಿಲ್ಲವೆಂದು ಹೇಳಬಲ್ಲವಳು ಈಗ ತಾನೊಬ್ಬಳೇ.

ಶೆಡ್ಡಿನಲ್ಲಿ ಪುಟ್ಟಮಲ್ಲಪ್ಪನವರು ವಾಪಸು ಬಂದ ಸೊಪ್ಪನ್ನು ಅವಳ ಮುಂದೆ ಸುರಿದು, ನೀನೇ ಮತ್ತೆ ಆರಿಸು, ಬೇರೆ ಯಾರನ್ನೂ ನಂಬುವ ಹಾಗಿಲ್ಲ ಎಂದರು.

“ಯಜಮಾನ್ರೆ, ಇದ್ನ ಮೇಲಿನ್ ಗುಡ್ಡೆಗೆ ಆಕ್ಸಿದ್ದು ನಾನು. ಆ ಉಡುಗಿ ಬ್ಯಾಡ ಅಂದ್ಲು. ನಂಗೆ ಅತ್ರದ್ದು ಕಾಣಾಕಿಲ್ಲ.”

ಹೆಂಗಸರ ಕೈಗಳು ನಿಂತವು. ಪುಟ್ಟಮಲ್ಲಪ್ಪನವರು ಸುರಿದ ಸೊಪ್ಪನ್ನು ಅವಳ ಮುಂದಿನಿಂದ ಎಳೆದುಕೊಂಡರು.

“ಆ ಉಡುಗೀನ ಬರಾಕ್ ಏಳು,” ಎಂದರು.

ನೀನೂ ಕೆಲಸಕ್ಕೆ ಬಾ ಅನ್ನಲಿಲ್ಲ. ಚಿಕ್ಕಮಾದಮ್ಮ ಕೇಳಲೂ ಇಲ್ಲ. ಸೆರಗು ಕೊಡವಿ ಎದ್ದು ಗೌತಮಿಯ ಮನೆಯ ದಾರಿ ಹಿಡಿದಳು.