ಚರಗದ ದಿನ ಸರಿಸಿದ ಬೇಲಿ

ಶೀಗಿ ಹುಣ್ಣಿಮೆಯ ಮುಂಜಾನೆ ಏಳಕ್ಕೆ ಇಂಡಿ ಬಿಟ್ಟೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಕ್ಕವಳೇ ಭಾಗ್ಯವಂತೆ. ಬುತ್ತಿಗಂಟು ಹಿಡಿದು ಸಿಂದಗಿಯವರೆಗೆ ನಿಂತೇ ಹೋದೆ. ಅಲ್ಲಿ ಚಹಾ ಕುಡಿದು ಬಸ್ಸು ಬದಲಿಸಿದೆ. ದಾರಿಯ ಎರಡೂ ಬದಿಗೆ ತೊಗರಿ ನಿಂತಿತ್ತು. ಬಸವನ ಬಾಗೇವಾಡಿ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಹೊರಟಿದ್ದು ಹುಲ್ಲು ನೋಡಲು. ಮನೆಯವರು ನಕ್ಕರು, ನಗಲಿ. ಮೂವತ್ತು ವರ್ಷ ಈ ಊರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳಿಗೆ ಇಷ್ಟಾದರೂ ಹುಚ್ಚು ಬೇಡವೇ? ಇಲ್ಲಿಯ ಉದ್ಯಾನದಲ್ಲಿ ಟ್ಯಾಂಕರ್ ನೀರು ಕುಡಿದೂ ಬೇಸಿಗೆಗೆ ಸಾಯುತ್ತಿದ್ದ ಲಾನನ್ನು ತೆಗೆಸಿ, ಹೊಲದ ಬದುಗಳಿಂದ ತಂದ ಕರಡದ ಹುಲ್ಲು, ತುಂಬೆ ಬಿತ್ತಿದ್ದೆವು. ಸುತ್ತ ಜಾಲಿಮುಳ್ಳು ಹಾಕಿ ಎರಡು ಮಳೆಗಾಲ ಕಾದವಳು ಮಾಲಿ ಶಾಂತವ್ವ. ನಾನು ಬರೀ ಫೋನಿನಲ್ಲಿ ಉಪದೇಶ ಮಾಡಿದವಳು. ಹುಲ್ಲು ಇನ್ನೂ ಅಲ್ಲಲ್ಲಿ ಮಾತ್ರ ಎದ್ದಿತ್ತು. ಈ ಸಲ ಬೀಜ ಉದುರಿ ಖಾಲಿ ಜಾಗ ತುಂಬದಿದ್ದರೆ ಸಿಮೆಂಟ್ ಕಲ್ಲು ಹಾಸುತ್ತೇವೆಂದು ಪುರಸಭೆ ಕಚೇರಿಯವರು ಖಡಾಖಂಡಿತವಾಗಿ ಹೇಳಿದ್ದರು.

“ಇನ್ನ ಹದಿನೈದ ದಿನ ಬೇಕ್ರಿ ಅಕ್ಕಾರ. ಕಾಳ ಇನ್ನೂ ಹಾಲಾಗ ಅದಾವ,” ಎಂದು ಶಾಂತವ್ವ ಒಂದು ತೆನೆ ಹಿಸುಕಿ ತೋರಿಸಿದಳು.

ಅವಳಿಗೆ ಅಂಗೈಯಷ್ಟೂ ಹೊಲವಿಲ್ಲ. ಭೂಮಿ ಬಸುರಿಯೆಂದು ಎಲ್ಲರೂ ತಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಮಾಡಿದ ಅಡುಗೆಯನ್ನು ಮಣ್ಣಿಗೂ ಉಣಿಸುವ ಈ ದಿನ ಅವಳು ಮನೆಯಲ್ಲೇ ಇರುತ್ತಿದ್ದಳು. ಈ ಸಲ ಇದೇ ಅವಳ ಹೊಲ. ಓಣಿಯವರನ್ನೂ ತನ್ನ ತಮ್ಮ ಮಲ್ಲಪ್ಪನನ್ನೂ ಕರೆದಿದ್ದಳು. ಅವನು ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಚಕ್ಕಡಿ ಹೂಡಿಕೊಂಡೇ ಬಂದ.

ಬಂದವರು ಮುಳ್ಳಿನಾಚೆ ನಿಂತರು.

“ಚರಗದ ದಿನ ಮಂದೀನ ಹೊರಗ ನಿಂದರಸ್ತಾರೇನ ಶಾಂತವ್ವ? ಬೇಲಿ ಸರಸ,” ಎಂದವಳು ನಾನು.

“ಬ್ಯಾಡ್ರಿ ಅಕ್ಕಾರ. ಹೊರಗಿಂದನ ಚೆಲ್ಲೂಣು.”

ನಾನು ಕೇಳಲಿಲ್ಲ. ಎರಡು ಮುಳ್ಳುಕಂಟಿ ನಾನೇ ಎಳೆದು ದಾರಿ ಮಾಡಿದೆ. ಶಾಂತವ್ವ ಹುಲ್ಲು ತುಳಿಯದಂತೆ ಸುತ್ತು ಹಾಕಿ ಚರಗ ಚೆಲ್ಲಿದಳು. ಅಷ್ಟು ಸಂತೋಷದ ಮುಖವನ್ನು ನಾನು ನೋಡಿ ಬಹಳ ದಿನವಾಗಿತ್ತು. ಆಮೇಲೆ ಎಲ್ಲರೂ ಹೊರಗೆ ಬೇವಿನ ನೆರಳಲ್ಲಿ ಊಟಕ್ಕೆ ಕುಳಿತೆವು. ಬೇಲಿ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ.

ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಗಂಟೆಯ ಸದ್ದು ಕೇಳಿತು. ಮಲ್ಲಪ್ಪ ಚಕ್ಕಡಿಯಿಂದ ಬಿಚ್ಚಿಬಿಟ್ಟಿದ್ದ ಎತ್ತುಗಳು ಬೇಲಿಯೊಳಗಿದ್ದವು. ಮೊನ್ನೆಯ ಮಳೆಗೆ ಹಸಿಯಾಗಿದ್ದ ಎರೆಮಣ್ಣಿನಿಂದ ಹುಲ್ಲನ್ನು ಬೇರುಸಹಿತ ಕಿತ್ತು ಮೇಯುತ್ತಿದ್ದವು. ಶಾಂತವ್ವ ಓಡಿದಳು. ಬಾರುಕೋಲು ಎತ್ತಿದಳು, ಹೊಡೆಯದೆ ಇಳಿಸಿದಳು.

“ಹಬ್ಬದ ದಿನ ಬಸವಣ್ಣನ ಬಾಯಾಗಿನ ಹುಲ್ಲ ಹ್ಯಾಂಗ ಕಸೀಲ್ರಿ?”

ಮಲ್ಲಪ್ಪ ಹಗ್ಗ ಹಿಡಿದು ಎಳೆದು ತರುವಷ್ಟರಲ್ಲಿ ಮೇಯದೆ ಉಳಿದದ್ದೂ ಗೊರಸಿನಡಿ ಸಿಕ್ಕಿತ್ತು. ಶಾಂತವ್ವ ಕುಕ್ಕರಗಾಲಲ್ಲಿ ಕುಳಿತು ಬಿದ್ದ ತೆನೆ ಆರಿಸತೊಡಗಿದಳು. ಬೈದಿದ್ದರೆ ನನ್ನ ಸಂಕಟ ಕಡಿಮೆಯಾಗುತ್ತಿತ್ತು.

ಇಳಿಹೊತ್ತಿನ ಬಸ್ಸಿಗೆ ಹೊರಟೆ. ಕೆಸರಿನಲ್ಲಿ ಆರಿಸಿದ ತೆನೆಗಳನ್ನು ಅವಳು ನನ್ನ ಬುತ್ತಿಬಟ್ಟೆಯಲ್ಲಿ ಕಟ್ಟಿಕೊಟ್ಟಳು.

“ನೆಳ್ಳಾಗ ಒಣಗಸ್ರಿ. ಹುಟ್ಟತಾವಲ್ರಿ, ಅಕ್ಕಾರ?”

ಬಲಿಯದ ಹಾಲುಗಾಳು ಮೊಳೆಯುವುದಿಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು.

“ಹುಟ್ಟತಾವ,” ಎಂದೆ.

ಬಸ್ಸು ಉದ್ಯಾನದ ಮುಂದೆಯೇ ಹಾಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ನಾನು ಸರಿಸಿದ್ದ ಮುಳ್ಳುಕಂಟಿಗಳನ್ನು ಶಾಂತವ್ವ ಒಂದೊಂದಾಗಿ ಎಳೆದು ತಂದು ಆ ದಾರಿ ಮುಚ್ಚುತ್ತಿದ್ದಳು.