ಮರಿಗಳ ಕೋಳಿ ನಡೆದುಹೋದ ಸಂಜೆ

ಲಕ್ಷ್ಮೀಕಾಂತಮ್ಮನವರು ಇವತ್ತು ಶುಗರ್ ಮಾತ್ರೆ ನುಂಗಿ ಉಪವಾಸ ಕೂತಿದ್ದಾರೋ, ನುಂಗದೆ ಕೂತಿದ್ದಾರೋ? ಬೆಳಿಗ್ಗೆಯಿಂದ ತಲೆಯಲ್ಲಿ ಇದೊಂದೇ. ನುಂಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಶುಗರ್ ಇಳಿದು ಕೈಕಾಲು ನಡುಗುತ್ತದೆ. ನುಂಗದಿದ್ದರೆ ಶುಗರ್ ಏರುತ್ತದೆ. ಮಗಳಿಗೆಂದು ಇಟ್ಟ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ನನಗೆ ತಿಳಿಯಲಿಲ್ಲ. ಅವರಿರುವುದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ, ನಾನಿರುವುದು ವಿಶಾಖಪಟ್ಟಣದಲ್ಲಿ. ನಡುವೆ ಆರೇಳು ಗಂಟೆಯ ರೈಲು ಪ್ರಯಾಣ. ಫೋನ್ ಮಾಡಿದರೆ ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷವೇ ನಾಲ್ಕು ದಿನದಿಂದ ನನ್ನ ಕೈಲಾಗಿಲ್ಲ.

ನನ್ನ ಗಂಡ ಭರತೇಶ ಬ್ಯಾಂಕಿನಲ್ಲಿ ಅಧಿಕಾರಿ. ಎರಡೂವರೆ ವರ್ಷದ ಹಿಂದೆ ಮೈಸೂರಿನಿಂದ ವರ್ಗವಾಗಿ ಇಬ್ರಾಹಿಂಪಟ್ನಂಗೆ ಬಂದಾಗ ನಮ್ಮ ಪ್ರತ್ಯೂಷಾಗೆ ಒಂದು ವರ್ಷ. ಬಾಡಿಗೆಗೆ ಹಿಡಿದ ಮನೆಯ ಕಿಟಕಿಯಿಂದ ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಕಾಣುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಬೂದಿ. ಈ ಗಾಳಿಯನ್ನು ನನ್ನ ಮಗು ಉಸಿರಾಡಬೇಕೇ ಎಂದು ಆ ಬೆರಳನ್ನೇ ನೋಡುತ್ತ ನಿಂತಿದ್ದಾಗ ಬಾಗಿಲಿನಿಂದ ಕನ್ನಡದ ದನಿ ಕೇಳಿಸಿತು.

"ಬೂದಿ ನೋಡಿ ಹೆದರಬ್ಯಾಡವ್ವಾ. ದಿನಾ ಎರಡು ಸಲ ಒರಸು. ನಾ ನಲವತ್ತೈದು ವರ್ಷದಿಂದ ಒರಸಾಕತ್ತೀನಿ, ಸತ್ತಿಲ್ಲ."

ಅವರೇ ಎದುರು ಮನೆಯ ಲಕ್ಷ್ಮೀಕಾಂತಮ್ಮ. ಎಪ್ಪತ್ತು ದಾಟಿದ ಜೀವ. ಹುಟ್ಟಿದ್ದು ಬಳ್ಳಾರಿಯ ಕೌಲ್‌ಬಜಾರಿನಲ್ಲಿ. ಹದಿನೆಂಟಕ್ಕೆ ತೆಲುಗರ ಮನೆಗೆ ಸೊಸೆಯಾಗಿ ಬಂದರು. ಗಂಡ ಥರ್ಮಲ್ ಸ್ಟೇಷನ್ನಿನಲ್ಲಿ ಕಲ್ಲಿದ್ದಲಿನ ವಿಭಾಗದ ನೌಕರ. ಅವರು ತೀರಿಕೊಂಡ ಮೇಲೆ ಮಗ ಫಣಿ, ಸೊಸೆ ರಾಜ್ಯಶ್ರೀ ಜೊತೆ ಇದ್ದರು. ಮನೆಯಲ್ಲಿ ಎಲ್ಲರದೂ ತೆಲುಗು. ತವರಿನ ಕನ್ನಡವನ್ನು ಆಡಲು ಅವರಿಗೆ ಸಿಕ್ಕವಳು ನಾನೊಬ್ಬಳೇ. ಊರಿನ ರೂಢಿಯಂತೆ ನಾನು ಅವರನ್ನು ಬಾಮ್ಮಗಾರು ಎನ್ನುತ್ತಿದ್ದೆ, ಅಂದರೆ ಅಜ್ಜಿಯವರೇ ಎಂದು.

ಮೂವತ್ತು ವರ್ಷ ಅವರು ಕೊಂಡಪಲ್ಲಿಯ ಮರದ ಬೊಂಬೆಗಳಿಗೆ ಮನೆಯಲ್ಲೇ ಕೂತು ಬಣ್ಣ ಹಚ್ಚಿದವರು. ಅದರಲ್ಲೂ ಕಣ್ಣು ಬರೆಯುವುದಕ್ಕೆ ಹೆಸರಾದವರು. "ಕಣ್ಣು ಕಡೇಗೆ ಬರೀಬೇಕು. ಅದಾದ ಮ್ಯಾಲೆ ಬೊಂಬಿ ನಮ್ಮನ್ನ ನೋಡ್ತೈತಿ, ತಪ್ಪು ತಿದ್ದಾಕ ಬರಂಗಿಲ್ಲ" ಎನ್ನುತ್ತಿದ್ದರು. ಆಮೇಲೆ ಅವರ ಕಣ್ಣಿಗೇ ಪೊರೆ ಬಂತು. ಆಪರೇಷನ್ ಎಂದರೆ ಭಯ. ಹಾಗೆಂದು ಒಪ್ಪುವವರಲ್ಲ: "ನನ್ನ ಕಣ್ಣಿಗೇನಾಗೈತಿ? ಸ್ವಲ್ಪ ಮಂಜು ಅಷ್ಟೇ." ಪ್ರತ್ಯೂಷಾಗೆ ಅವರು ಬಣ್ಣ ಹಚ್ಚಿ ಕೊಟ್ಟ ಆನೆಗೆ ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ಇಲ್ಲಿಗೆ ಬಂದ ಮೇಲೂ ಮಗಳು ಅದನ್ನು ಹಿಡಿದೇ ಮಲಗುತ್ತಾಳೆ.

ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಕಾರ್ತಿಕ ಮಾಸದ ಸೋಮವಾರಗಳಲ್ಲಿ ಅವರದು ಇದಕ್ಕೆ ತಿರುಗುಮುರುಗು. ಹಗಲೆಲ್ಲ ಉಪವಾಸ, ಸಂಜೆ ಚುಕ್ಕಿ ಕಂಡ ಮೇಲೆ ಊಟ. "ನೀನು ಎದ್ದ ತಟ್ಟೆ ಮುಂದ ನಾ ಕೂಡ್ತೀನಿ. ಎರಡು ಮನಿಗೂ ಒಂದೇ ತಟ್ಟೆ ಸಾಕಲ್ಲ!" ಎಂದು ನಗುತ್ತಿದ್ದರು.

ಹೋದ ವರ್ಷದ ಕಾರ್ತಿಕದಲ್ಲಿ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮಗಳಿಗೆ ಎರಡೂವರೆಯಾಗುತ್ತ ಬಂದರೂ ಒಂದು ಮಾತಿಲ್ಲ. ವಿಜಯವಾಡದ ಡಾಕ್ಟರು ಕಿವಿ ಸರಿಯಾಗಿದೆ, ವಾರಕ್ಕೆರಡು ಸಲ ಥೆರಪಿಗೆ ಕರೆತನ್ನಿ, ಆತುರ ಬೇಡ ಎಂದಿದ್ದರು. ಆತುರ ಬೇಡ ಎಂದರೆ ನನಗೆ ಇನ್ನೂ ಆತುರ.

"ಮನಿಯಾಗ ಕನ್ನಡ, ಬೀದಿಯಾಗ ತೆಲುಗು. ಯಾವ ಬಾಗಿಲಿಂದ ಹೊರಗ ಬರಬೇಕು ಅಂತ ಮಾತು ಒಳಗ ಕೂತು ಯೋಚನಿ ಮಾಡಾಕತ್ತೈತಿ" ಎಂದರು ಬಾಮ್ಮಗಾರು. "ತಡಿ, ಈ ಸಲದ ಸೋಮವಾರ ಎಲ್ಲಾ ನಿನ್ನ ಕೂಸಿನ ಹೆಸರಿಗೆ."

ಮಕ್ಕಳಿಗೆಂದು ಹೊತ್ತ ಹರಕೆಗೆ ಅವರ ಅತ್ತೆಯ ಕಾಲದ ಒಂದು ಕಟ್ಟಳೆಯಿತ್ತು. ಯಾವುದೋ ಒಂದು ಚುಕ್ಕಿ ಕಂಡರೆ ಸಾಲದು, ಪಿಲ್ಲಲ ಕೋಡಿ ಕಾಣಬೇಕು. ಪಿಲ್ಲಲ ಕೋಡಿ ಎಂದರೆ ಮರಿಗಳ ಕೋಳಿ. ನಾವು ಕೃತ್ತಿಕೆ ಎನ್ನುವ ಚುಕ್ಕಿಗೊಂಚಲಿಗೆ ತೆಲುಗಿನವರು ಇಟ್ಟ ಹೆಸರು. ಮೊದಲ ಮೂರು ಸೋಮವಾರ ರಾಜ್ಯಶ್ರೀ ಮಹಡಿಗೆ ಕರೆದೊಯ್ದು ಬೆರಳು ತೋರಿಸಿದ್ದಳು. ಕೊನೆಯ ಸೋಮವಾರ ಅವಳು ತವರಿಗೆ ಹೋಗಿದ್ದಳು.

ಆ ಸಂಜೆ ಎರಡು ಮನೆಗೂ ಸೇರಿದ ಆ ಮಹಡಿಯಲ್ಲಿ ಮಗಳ ಜೊತೆ ನಾನಿದ್ದೆ. ಹೊಸದಾಗಿ ಹಾರಿಬಿಟ್ಟ ಇಂಟರ್ನೆಟ್ ಉಪಗ್ರಹಗಳ ಸಾಲು ಆರೂ ಹತ್ತಕ್ಕೆ ಊರಿನ ಮೇಲೆ ಹಾದುಹೋಗುತ್ತದೆ ಎಂದು ಭರತೇಶನ ಬ್ಯಾಂಕಿನ ಗ್ರೂಪಿನಲ್ಲಿ ಬಂದಿತ್ತು. ಮಗಳಿಗೆ ತೋರಿಸೋಣ, ಏನಾದರೂ ಒಂದು ಶಬ್ದ ಬಾಯಿಂದ ಬಂದೀತು ಎಂಬ ಆಸೆ. ಬಾಮ್ಮಗಾರು ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚಲಿಮಿಡಿಯ ಡಬ್ಬಿ. ಅದು ಅಕ್ಕಿಹಿಟ್ಟು, ಬೆಲ್ಲ ಕಲಸಿದ ಪ್ರಸಾದ, ಮೊದಲ ತುತ್ತು ಅದೇ. ಪೂರ್ವಕ್ಕೆ ಮೋಡ, ಅದರ ಕೆಳಗೆ ಚಿಮಣಿಯ ಹೊಗೆ. ಒಂದೂ ಚುಕ್ಕಿಯಿಲ್ಲ.

"ಕಾಣ್ತೈತೇನವ್ವಾ?"

"ಇಲ್ಲ ಬಾಮ್ಮಗಾರೂ. ಇವತ್ತು ಕಾಣೋದಿಲ್ಲ, ತಿಂದುಬಿಡಿ."

"ಕಾಣದಿದ್ರೆ ನಾಳೆ ಬೆಳಿಗ್ಗೆ ತನಕ ಇರ್ತೀನಿ. ಕೂಸಿನ ಹರಕಿ ಇದು."

ಅವರ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಡಬ್ಬಿಯ ಮುಚ್ಚಳ ಟಕಟಕ ಸದ್ದು ಮಾಡುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ ಎಂದರು. ಆಗಲೇ ಮೋಡದ ಸಂದಿಯಲ್ಲಿ ಬೆಳಕಿನ ಆರೇಳು ಮಣಿಗಳು ಸಾಲಾಗಿ ಬಂದವು.

"ಅದೇನು ಮಿಣಿಮಿಣಿ? ಪಿಲ್ಲಲ ಕೋಡಿನಾ?"

ನಾನು ಹೌದು ಎಂದೆ.

"ನಡೀತಾ ಅದಾವಲ್ಲೇ! ತಾಯಿ ಮುಂದ, ಮರಿ ಹಿಂದ!"

"ಹೌದು ಬಾಮ್ಮಗಾರೂ. ತಿನ್ನಿ, ಬೇಗ ತಿನ್ನಿ." ಮುಚ್ಚಳ ತೆಗೆದು ನಾನೇ ಬಾಯಿಗಿಟ್ಟೆ. ಹತ್ತು ನಿಮಿಷದಲ್ಲಿ ನಡುಕ ನಿಂತಿತು. ಅವರ ಕಣ್ಣಲ್ಲಿ ನೀರಿತ್ತು, ಸಂತೋಷದ್ದು.

ನಾಳೆ ಹೇಳೋಣ ಎಂದುಕೊಂಡೆ. ನಾಳೆಯ ಹೊತ್ತಿಗೆ, ಮರಿಗಳ ಕೋಳಿ ಅವರ ಹರಕೆಗಾಗಿ ಆಕಾಶದಲ್ಲಿ ನಡೆದುಹೋಯಿತೆಂದು ಕಾಲೊನಿಗೆಲ್ಲ ಗೊತ್ತಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಪ್ರತ್ಯೂಷಾ ಕಾಗೆಯನ್ನು ನೋಡಿ "ಕಾಕಿ" ಎಂದಳು, ತೆಲುಗಿನಲ್ಲಿ. ಥೆರಪಿಯಿಂದ ಎಂದಳು ಥೆರಪಿಸ್ಟ್. ಬಾಮ್ಮಗಾರು ಬೀದಿಗೆಲ್ಲ ಚಲಿಮಿಡಿ ಹಂಚಿದರು. ಆಗ ಹೇಳುವುದು ಹೇಗೆ? ಮೇ ತಿಂಗಳಲ್ಲಿ ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು.

ಮೊನ್ನೆ ಗುರುವಾರ ಸಂಜೆ ಇಲ್ಲಿಯ ಬೀಚಿನಲ್ಲಿದ್ದೆವು. ಕಡಲ ಮೇಲಿನ ತಿಳಿ ಆಕಾಶದಲ್ಲಿ ಅದೇ ಬಗೆಯ ಸಾಲು, ಈ ಸಲ ಇಪ್ಪತ್ತಕ್ಕೂ ಹೆಚ್ಚು. ಜನರೆಲ್ಲ ಎದ್ದು ನಿಂತರು. ನೇವಿಯವರ ಮಿಸೈಲು ಎಂದರು ಕೆಲವರು. ಜೋಳ ಸುಡುತ್ತಿದ್ದ ಹೆಂಗಸು ಬೀಸಣಿಗೆ ಬಿಟ್ಟು ಕೈಮುಗಿದಳು. ದೋಣಿ ನಡೆಸುವವನೊಬ್ಬ ಅವಳಿಗೆ ಇಂಟರ್ನೆಟ್ ಉಪಗ್ರಹ ಎಂದು ಬಿಡಿಸಿ ಹೇಳಿದ: ದಡ ಮರೆಯಾದರೆ ನಮ್ಮ ಫೋನು ಸತ್ತ ಹಾಗೆ, ಇದು ದೋಣಿಗೆ ಬಂದರೆ ತುಫಾನಿನ ಸುದ್ದಿ ನಡುಗಡಲಲ್ಲೇ ಸಿಗುತ್ತದೆ. ಪಕ್ಕದಲ್ಲಿ ಟೆಲಿಸ್ಕೋಪ್ ಹೂಡಿದ್ದ ಜಗನ್ಮೋಹನ್ ಎಂಬ ಕಾಲೇಜು ಮೇಷ್ಟ್ರು ಮಾತ್ರ ಮುಖ ಗಂಟಿಕ್ಕಿದ್ದರು. ನಕ್ಷತ್ರದ ಫೋಟೋ ತೆಗೆದರೆ ಅಡ್ಡಡ್ಡ ಗೀರು, ಆಕಾಶ ಯಾರಪ್ಪನ ಆಸ್ತಿ ಎಂದರು. ಒಂದು ಕಳಚಿ ತಲೆಯ ಮೇಲೆ ಬಿದ್ದರೆ ಎಂದು ನಾನು ಮಗಳನ್ನು ಎತ್ತಿಕೊಂಡೆ. ಬೀಳುವ ಮೊದಲೇ ಉರಿದುಹೋಗುತ್ತೆ ಮಾರಾಯ್ತಿ ಎಂದ ಭರತೇಶ, ವೀಡಿಯೊ ತೆಗೆಯುತ್ತಲೇ. ಏನೂ ತಿಳಿಯದ ಅವನು ಅದನ್ನು ಹಳೆಯ ಕಾಲೊನಿಯ ಗ್ರೂಪಿಗೂ ಹಾಕಿದ.

ಕಾಲೊನಿಯಲ್ಲಿದ್ದ ನಿವೃತ್ತ ಎಂಜಿನಿಯರ್ ರಾಮಮೋಹನ್ ಕೂಡಲೇ ಬರೆದರು: "ಇದೇ ಅಲ್ಲವೇ, ಹೋದ ವರ್ಷ ಲಕ್ಷ್ಮೀಕಾಂತಮ್ಮಗಾರು ಕಂಡ ಪಿಲ್ಲಲ ಕೋಡಿ?" ಅದರ ಹಿಂದೆ ನಗುವ ಮುಖಗಳು. ಕೇಬಲ್ ಟಿವಿಯ ಬಾಬ್ಜಿಗಂತೂ ಈ ಉಪಗ್ರಹಗಳ ಮೇಲೆ ಮೊದಲೇ ಕೋಪ. ತನ್ನ ವೈರುಗಳೆಲ್ಲ ಇನ್ನು ಬಟ್ಟೆ ಒಣಹಾಕಲು ಎನ್ನುತ್ತಿದ್ದ. ಅವನು ಕೇಳಿದ: "ಬಾಮ್ಮಗಾರೂ, ಆ ಕೋಳಿಗೆ ತಿಂಗಳ ರೀಚಾರ್ಜ್ ಎಷ್ಟು?"

ನಾನು ಎಲ್ಲವನ್ನೂ ಓದಿದೆ. ಏನೂ ಬರೆಯಲಿಲ್ಲ.

ನಿನ್ನೆ ರಾಜ್ಯಶ್ರೀಯ ವಾಯ್ಸ್ ಮೆಸೇಜ್ ಬಂತು. ಅತ್ತೆ ಮನೆಯಿಂದ ಹೊರಗೇ ಬರುತ್ತಿಲ್ಲವಂತೆ. ನನ್ನ ಕಣ್ಣು ತಪ್ಪಿತು, ಹರಕೆ ಕೆಟ್ಟಿತು, ಅದಕ್ಕೇ ಕೂಸಿನ ಮಾತು ಹನ್ನೆರಡಕ್ಕೆ ನಿಂತಿದೆ ಎಂದು ಅಳುತ್ತಿದ್ದಾರಂತೆ. ಇವತ್ತಿನ ಸೋಮವಾರದಿಂದ ಮತ್ತೆ ವ್ರತ, ಈ ಸಲ ನೀರೂ ಮುಟ್ಟುವುದಿಲ್ಲವಂತೆ. ಮೂರೂವರೆ ವರ್ಷದ ಮಗಳು ಹನ್ನೆರಡು ಮಾತು ಆಡುತ್ತಾಳೆ ಎಂದು ಅವರಿಗೆ ಎಣಿಸಿ ಹೇಳಿದ್ದವಳೂ ನಾನೇ. ಅವರ ಕಣ್ಣು ತಪ್ಪಿರಲಿಲ್ಲ. ಕೇಳಿದ್ದರು, ಹೌದೆಂದದ್ದು ನಾನು. ನಿಜ ಹೇಳಿದರೆ ಅವರು ಇನ್ನೆಂದೂ ಮಾತಾಡಿಸದೆ ಹೋಗಬಹುದು. ಹೇಳದಿದ್ದರೆ ಅವರ ಕೈ ಮತ್ತೆ ನಡುಗುತ್ತದೆ, ಮುಚ್ಚಳ ತೆಗೆಯಲು ನಾನಿರುವುದಿಲ್ಲ.

ಇವತ್ತು ನಾಲ್ಕೂವರೆಗೆ, ಬಾಲ್ಕನಿಯ ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ, ಫೋನ್ ಒತ್ತಿದೆ.

"ಚೆಪ್ಪು ತಲ್ಲೀ, ಹೇಳವ್ವಾ." ದನಿ ಒಣಗಿತ್ತು. "ಕೂಸು ಹೆಂಗೈತಿ?"

"ಚೆನ್ನಾಗಿದ್ದಾಳೆ. ಬಾಮ್ಮಗಾರೂ, ಹೋದ ವರ್ಷ ನಿಮ್ಮ ಕಣ್ಣು ತಪ್ಪಲಿಲ್ಲ. ಅದು ಉಪಗ್ರಹ ಅಂತ ನನಗೆ ಗೊತ್ತಿತ್ತು. ಅದನ್ನ ನೋಡೋಕೇ ಮೇಲೆ ಬಂದಿದ್ದೆ."



"ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ, ಆ ಬಾಬ್ಜಿ ರೀಚಾರ್ಜ್ ಅಂತ ನಕ್ಕಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

"ಹೌದು."

"ಫೋನ್ ಇಡ್ತೀನಿ."

ಇಡಲಿಲ್ಲ.

"ನಿಮ್ಮ ಕೈ ನಡುಗ್ತಿತ್ತು ಬಾಮ್ಮಗಾರೂ. ನನಗೆ ಭಯ ಆಯ್ತು."

"ನಿನಗ ಭಯ ಆಗದ ದಿನ ಯಾವುದಿತ್ತು?" ಮತ್ತೆ ತಾವೇ ಕೇಳಿದರು, "ಎಷ್ಟು ನಡುಗ್ತಿತ್ತು?"

"ಡಬ್ಬಿ ತೆಗೆಯೋಕಾಗದಷ್ಟು. ನಾನೇ ತೆಗೆದೆ."

"ಹಂಗಾರ ವ್ರತ ಮುರಿದಾಕಿ ನೀನು. ನಾನಲ್ಲ."

"ನೀವಲ್ಲ. ಗ್ರೂಪಲ್ಲೂ ಬರೀತೀನಿ."

"ಬರಿ. ತೆಲುಗಿನಾಗ ಬರಿ, ರಾಮಮೋಹನ್‌ಗಾರು ಕನ್ನಡಕ ಹಾಕ್ಕೊಂಡು ಓದಲಿ." ಕೆಮ್ಮಿದರು. "ಮುರಿದಾಕಿನೇ ಕಟ್ಟಬೇಕು, ಇವತ್ತಿನ ಉಪಾಸ ನಿಂದು. ಇವತ್ತು ಏನು ತಿಂದೀ?"

"ಏನೂ ಇಲ್ಲ. ನಿಮ್ಮ ಚಿಂತೇಲಿ ಗಂಟಲಲ್ಲಿ ಇಳೀಲಿಲ್ಲ. ಕಾಫಿ ಕುಡಿದೆ."

"ಕಾಫಿ ನಡೀತೈತಿ, ನಮ್ಮತ್ತೀನೂ ಕುಡೀತಿದ್ಲು. ಆದರ ಹೊತ್ತು ಮುಳುಗಿದ ಮ್ಯಾಲೆ ನೀ ಉಣ್ಣಂಗಿಲ್ಲಲ್ಲ?"

"ಬೆಳಿಗ್ಗೆ ತಿಂತೀನಿ. ನೀವು ಈಗಲೇ ತಿನ್ನಿ. ಮಾತ್ರೆ?"

"ನುಂಗಿಲ್ಲ. ರಾಜ್ಯಶ್ರೀ ಡಾಕ್ಟರನ್ನ ಕೇಳಿ ಕೊಡ್ತಾಳ." ಒಳಗೆ ತಿರುಗಿ ಅನ್ನ ಬಡಿಸೆಂದು ತೆಲುಗಿನಲ್ಲಿ ಕೂಗಿದರು, "ರಾಜ್ಯಶ್ರೀ, ಅನ್ನಂ ಪೆಟ್ಟು!" ಮತ್ತೆ ನನಗೆ: "ಸಂಜಿ ಕೂಸನ್ನ ಕರಕೊಂಡು ಕಡಲ ಹತ್ತಿರ ಹೋಗು. ಪಿಲ್ಲಲ ಕೋಡಿ ನೋಡಿ ನನಗ ಹೇಳು."

"ನನಗೆ ಗುರುತು ಸಿಗುತ್ತಾ?"

"ನೂರು ಎಣಿಸೋ ತನಕ ನೋಡು. ಆಮ್ಯಾಲೂ ಇದ್ದ ಕಡೇನೇ ಇದ್ರ, ಅದು ನಮ್ಮದು. ನಡಕೊಂಡು ಹೋದರ, ಅದು ಬಾಬ್ಜಿಯ ವೈರಿ."

ಸ್ಟೀಲ್ ತಟ್ಟೆ ನೆಲಕ್ಕಿಟ್ಟ ಸದ್ದು ಕೇಳಿಸಿತು. ಆಮೇಲೆ ನೀರು ಬಗ್ಗಿಸಿದ ಸದ್ದು. ನಾನು ಫೋನನ್ನು ಕಿವಿಗೊತ್ತಿಕೊಂಡೇ ಇದ್ದೆ.

"ಇನ್ನೂ ಲೈನಲ್ಲೇ ಅದೀಯೇನು? ನಾ ತುತ್ತು ನುಂಗೋದೂ ಕೇಳಬೇಕಾ ನಿನಗ?"

"ಕೇಳಬೇಕು" ಎಂದೆ.