ಪಟಕ್ಕೆ ಹಾರ, ಪುಸ್ತಕಕ್ಕೆ ತಕ್ಕಡಿ

ಮೊನ್ನೆ ಐರೋಲಿಯಲ್ಲಿ ನಮ್ಮ ಕಟ್ಟಡದ ಕೆಳಗಿನ ರದ್ದಿ ಅಂಗಡಿಗೆ ಹಳೆಯ ಪೇಪರು ಕೊಡಲು ಹೋಗಿದ್ದೆ. ಅಲ್ಲಿ ಯಾರದೋ ಮನೆಯ ಪುಸ್ತಕಗಳ ಗಂಟು ಬಿಚ್ಚಿದ್ದರು. ನೆನೆದು ಒಣಗಿದ ಕಾಗದದ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಶಾಲೆಯ ಕಾರ್ಯದರ್ಶಿಗಳು ನೆನಪಾದರು. ಸತ್ತವರನ್ನು ಗೌರವದಿಂದ ನೆನೆಯಬೇಕಂತೆ... ನನ್ನಿಂದಾಗದು.

ಇಲ್ಲೇ ಹತ್ತಿರ, ಮರಾಠಿ ಸೀಮೆಯ ತುರ್ಭೆಯ ಆ ಕನ್ನಡ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಮಕ್ಕಳೆಲ್ಲ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ, ಕಟ್ಟಡ ಕೆಲಸದವರ ಮಕ್ಕಳು. ಶಾಲೆ ಕಟ್ಟಿದ ಹಳೆಯ ಹೆಡ್‌ಮಾಸ್ತರರು ಒಂದು ಪದ್ಧತಿ ಮಾಡಿಟ್ಟಿದ್ದರು. ಅಕ್ಕ ಶಾಲೆಗೆ ಬರುವಾಗ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಬರಬಹುದು; ಕೂಸುಗಳಿಗೆಂದು ತರಗತಿಯ ಹಿಂದೆ ಒಂದು ಚಾಪೆ. ಇದು ಅವರ ಸ್ವಂತ ಬುದ್ಧಿಯಲ್ಲ, ಹಾಗೆಂದು ಅವರೇ ಹೇಳುತ್ತಿದ್ದರು. ಹಿಂದೆ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದವರು ಬರೆದಿಟ್ಟದ್ದನ್ನು ಓದಿ ಕಲಿತದ್ದು. ಆ ಪುಸ್ತಕಗಳಿಂದ ಒಂದು ಬೀರು ತುಂಬಿಸಿ, ಬರೆದವರ ಪಟಗಳನ್ನು ಗೋಡೆಗೆ ಹಾಕಿ, ಅವರು ನಿವೃತ್ತರಾಗಿ ಊರಿಗೆ ಹೋದರು.

ಆಮೇಲೆ ಶಾಲೆ ನಡೆಸುವ ಸಂಘದ ಕಾರ್ಯದರ್ಶಿಗಳಾಗಿ ಬಂದವರು ಇವರು. ಕರಾವಳಿಯವರು, ರೈಲಿನಲ್ಲಿ ಒಂದು ಗಂಟೆ ದೂರದ ಕಲ್ಯಾಣದಲ್ಲಿ ಹೋಟೆಲು. ವಾಶಿಯ ಯಾವುದೋ ಇಂಗ್ಲಿಷ್ ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಹೋಗಿ ಬಂದಿದ್ದರು, ಅಷ್ಟಕ್ಕೇ ಶಿಕ್ಷಣ ಸುಧಾರಕರಾಗಿಬಿಟ್ಟರು! ಚಾಪೆಯ ಮೇಲಿನ ಕೂಸುಗಳು ಅವರ ಕಣ್ಣಿಗೆ ಆರ್ಡರ್ ಕೊಡದೆ ಟೇಬಲ್ ಹಿಡಿದು ಕೂತ ಗಿರಾಕಿಗಳಂತೆ ಕಂಡಿರಬೇಕು.

"ಇದೆಂತ ಶಾಲೆಯಾ, ತೊಟ್ಟಿಲು ಕಟ್ಟುವ ಜಾಗವಾ ಟೀಚರ್? ನಾಳೆಯಿಂದ ಸಣ್ಣ ಮಕ್ಕಳು ಒಳಗೆ ಬರ್ಲಿಕ್ಕಿಲ್ಲ."

ಗೋಡೆಯ ಮೇಲಿರುವವರೇ ಇದನ್ನು ಹೇಳಿಕೊಟ್ಟದ್ದು, ಬೀರುವಿನಲ್ಲಿ ಪುಸ್ತಕವಿದೆ, ಒಮ್ಮೆ ಓದಿ ನೋಡಿ ಎಂದೆ.

"ಅದೆಲ್ಲ ಹಳೆ ಕಾಲದ್ದು. ಈಗ ಅದನ್ನು ಓದುವವರು ಯಾರುಂಟು? ನಮ್ಮ ಶಾಲೆಗೂ ಒಂದು ಸ್ಟ್ಯಾಂಡರ್ಡ್ ಬೇಕಲ್ಲ ಮಾರಾಯ್ರೆ" ಎಂದು ನಕ್ಕರು.

ಮುಂದಿನ ವಾರ ಪುಸ್ತಕಗಳೆಲ್ಲ ರದ್ದಿಗೆ ಹೋದವು. ಬೀರುವಿನಲ್ಲಿ ಅವರ ಸನ್ಮಾನದ ಫಲಕಗಳು ಬಂದು ಕೂತವು. ಪಟಗಳಿಗೆ ಮಾತ್ರ ಹೊಸ ಹಾರ. ಜಯಂತಿ ಬಂದರೆ ಅವುಗಳ ಮುಂದೆ ನಿಂತು, ಒಬ್ಬರ ಸಾಧನೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಗಂಟಲು ಹರಿಯುವ ಹಾಗೆ ಭಾಷಣ ಬಿಗಿಯುತ್ತಿದ್ದರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದೂ ಇರಲಿಲ್ಲ.

ನಾಲ್ಕನೇ ಇಯತ್ತೆಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ, ಇಡೀ ತರಗತಿಗೆ ಕೇಳುವ ಹಾಗೆ ಪಾಠ ಓದುತ್ತಿದ್ದಳು. ಸಿಪಾಯಿ ಅವಳನ್ನು ಬಾಗಿಲಲ್ಲೇ ತಡೆದ ದಿನ ತಾಯಿ ಓಡಿ ಬಂದಳು.

"ಅಕ್ಕೋರ, ಈ ಕೂಸಿಗಿ ಎಲ್ಲಿ ಬಿಡ್ಲಿ? ನಾ ಕೆಲಸಕ್ಕ ಹೋಗಲಿಲ್ಲಂದ್ರ ಉಣ್ಣಾದು ಹ್ಯಾಂಗ?"

ನಾನು ಕಲ್ಯಾಣಕ್ಕೇ ಹೋಗಿ ಕಾರ್ಯದರ್ಶಿಗಳನ್ನು ಕಂಡೆ. ಗಲ್ಲಾ ಬಿಟ್ಟು ಏಳಲೂ ಇಲ್ಲ. ರೂಲ್ ಅಂದರೆ ರೂಲ್ ಎಂದರು. ಹುಡುಗಿ ಮತ್ತೆ ಬರಲಿಲ್ಲ. ಅವಳಂಥವರು ಒಬ್ಬೊಬ್ಬರೇ ಬಿಟ್ಟರು... ಬೆಂಚುಗಳು ಖಾಲಿಯಾಗುತ್ತ ಹೋಗಿ ಕೆಲವೇ ವರ್ಷಗಳಲ್ಲಿ ಶಾಲೆ ಮುಚ್ಚಿತು. ಮುಚ್ಚುವ ದಿನವೂ ಮೈಕು ಹಿಡಿದು, ನಮ್ಮ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದರು. ಅದಕ್ಕೆ ಚಪ್ಪಾಳೆ ಬೇರೆ!

ಈಗ ಅವರಿಲ್ಲ. ಸಂಘದ ಸಭಾಗೃಹದಲ್ಲಿ ಅವರದೂ ಪಟ ಹಾಕಿ, ಕೆಳಗೆ ಶಿಕ್ಷಣ ತಜ್ಞರು ಎಂದು ಬರೆಸಿದ್ದಾರಂತೆ. ನಾನು ನೋಡಲು ಹೋಗಿಲ್ಲ. ಅವರಿಗಾಗಿ ನನಗೆ ಒಂದು ಹನಿ ಕಣ್ಣೀರೂ ಬರಲಿಲ್ಲ, ಶಾಲೆಗಾಗಿ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ಹೋದ ತಿಂಗಳು ತುರ್ಭೆ ಸ್ಟೇಶನ್ನಿನಲ್ಲಿ ಯಾರೋ "ಅಕ್ಕೋರ" ಎಂದು ಕೂಗಿದರು. ಅದೇ ಹುಡುಗಿ, ಈಗ ಇಬ್ಬರು ಮಕ್ಕಳ ತಾಯಿ. ಪಕ್ಕದಲ್ಲಿ ಆರೇಳು ವರ್ಷದ ಮಗಳು, ಆ ಮಗಳ ಕಂಕುಳಲ್ಲಿ ಇನ್ನೊಂದು ಕೂಸು. ಇವಳು ಶಾಲೆಗೆ ಹೋಗುತ್ತಾಳೇನೆ ಎಂದು ಕೇಳಿದೆ.

"ಕೂಸು ಸ್ವಲ್ಪ ದೊಡ್ಡದಾಗ್ಲಿ ಅಕ್ಕೋರ, ಆಮ್ಯಾಲ ಕಳಸ್ತೀನಿ."

ಕೂಸನ್ನೂ ಕರೆದುಕೊಂಡು ಬರಲಿ ಎನ್ನಲು ಬಾಯಿ ತೆರೆದೆ. ಎಲ್ಲಿಗೆ ಎಂದು ಹೇಳಲಿ?